ಅಗಸಿ ಹಲವು, ಊರು ಒಂದು

ಒಂದು ಅಂಗಡಿಗೆ ಒಂದು ಫಲಕ ಸಾಕೆ, ಬೀದಿಗೊಂದು ಫಲಕ ಬೇಕೆ ಎಂಬ ಪ್ರಶ್ನೆ ಪೇಟೆಯಷ್ಟೇ ಹಳೆಯದು. ನಮ್ಮ ಕಾಲದಲ್ಲಿ ಅದು ಹೊಸ ವೇಷ ತೊಟ್ಟು ಬಂದಿದೆ. ಇಂದು ಕೊಳ್ಳುವವನು ಬೀದಿಗಿಳಿಯುವ ಮೊದಲೇ ಅಂಗೈಯಲ್ಲಿನ ಮೊಬೈಲಿನಲ್ಲಿ ನಾಲ್ಕು ಪದ ಬರೆದೋ, ಬಾಯಿಂದ ನುಡಿದೋ ತನಗೆ ಬೇಕಾದುದನ್ನು ಹುಡುಕುತ್ತಾನೆ. ಆ ನಾಲ್ಕು ಪದಗಳನ್ನೇ ಹುಡುಕುಪದಗಳೆಂದು, ವ್ಯಾಪಾರಿಗಳ ಮಾತಿನಲ್ಲಿ ಕೀವರ್ಡುಗಳೆಂದು, ಕರೆಯುವುದು. ಅವುಗಳಿಗೆ ಉತ್ತರವಾಗಿ ತನ್ನ ಹೆಸರೇ ಮೊದಲ ಸಾಲಿನಲ್ಲಿ ಕಾಣಿಸಿಕೊಳ್ಳಬೇಕೆಂದು ಮಾರುವವನು ಬಯಸುವುದು ಸಹಜ. ಹೀಗಿರುವಲ್ಲಿ, ಬಹುಮಟ್ಟಿಗೆ ಒಂದೇ ಅರ್ಥವುಳ್ಳ ಹಲವು ಹುಡುಕುಪದಗಳಿಗೆ ಒಂದೇ ಜಾಲತಾಣ ಸಾಕೆ? ಅಥವಾ ಪದಕ್ಕೊಂದರಂತೆ ಹಲವು ತಾಣಗಳನ್ನು ಕಟ್ಟಬೇಕೆ?

ಇದು ವ್ಯಾಪಾರಿಗಳ ಒಳಗುಟ್ಟು, ನಮಗೇಕೆ ಎಂದು ವಾಚಕರು ತಳ್ಳಿಹಾಕಬಾರದೆಂದು ನಮ್ಮ ಕೋರಿಕೆ. ತಿಳಿವಳಿಕೆಯನ್ನು ಹೇಗೆ ಜೋಡಿಸಿಟ್ಟರೆ ಅದು ಬೇಕಾದವನ ಕೈಗೆ ಸಿಕ್ಕೀತು ಎಂಬುದು ಈ ಪ್ರಶ್ನೆಯ ತಿರುಳು. ಆದುದರಿಂದ ಇದು ವಿಜ್ಞಾನದ ಪ್ರಶ್ನೆಯೂ ಹೌದು, ಸಾರ್ವಜನಿಕ ಹಿತದ ಪ್ರಶ್ನೆಯೂ ಹೌದು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಒಂದು ಅಗತ್ಯಕ್ಕೆ ಒಂದು ತಾಣ, ಆ ತಾಣಕ್ಕೆ ಜನ ಕರೆಯುವ ಎಲ್ಲ ಹೆಸರುಗಳ ದಾರಿ. ಹೆಸರಿಗೊಂದು ತಾಣವೆಂಬುದು ಕಟ್ಟಿದವನಿಗೂ ನಷ್ಟ, ಹುಡುಕುವವನಿಗೂ ಕಷ್ಟ. ಹೀಗೇಕೆಂಬುದನ್ನು ಕ್ರಮವಾಗಿ ಪರಿಶೀಲಿಸೋಣ.

ಹೆಸರುಗಳ ತೊಡಕು

ಈ ಪ್ರಶ್ನೆಯ ತೊಡಕು ಸ್ಪಷ್ಟವಾಗಿ ಎದ್ದು ಕಾಣುವ ಸ್ಥಳ ನಮ್ಮ ಯಾದಗಿರಿ ಜಿಲ್ಲೆ. ಕಲಬುರಗಿಯಿಂದ ಬೇರ್ಪಟ್ಟು ೨೦೧೦ರಲ್ಲಿ ಇದು ರಾಜ್ಯದ ಮೂವತ್ತನೆಯ ಜಿಲ್ಲೆಯಾದಾಗ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲ್ಲೂಕುಗಳಿದ್ದವು; ಮುಂದೆ ಗುರುಮಠಕಲ್, ವಡಗೇರಾ, ಹುಣಸಗಿಗಳು ಸೇರಿ ಆರಾದವು. ಮೂಲದ ಮೂರು ಊರುಗಳ ಹೆಸರನ್ನೇ ತೆಗೆದುಕೊಳ್ಳಿರಿ.

ಬೇಡ ನಾಯಕರ ರಾಜಧಾನಿಯಾಗಿದ್ದ ಸುರಪುರಕ್ಕೆ ಕನ್ನಡದಲ್ಲಿ ಒಂದೇ ಹೆಸರು. ರೋಮನ್ ಲಿಪಿಗೆ ಹೋದೊಡನೆ ಅದು ಹಲವು ರೂಪ ತಾಳುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಲ್ಲಿದ್ದು ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬ ತನ್ನ ಪುಸ್ತಕಗಳಲ್ಲಿ ಬರೆದುದು 'ಶೋರಾಪೂರ್' ಎಂದು. ಆತನ ಬಂಗಲೆ 'ಟೇಲರ್ ಮಂಜಿಲ್' ಇಂದಿಗೂ ಸುರಪುರದ ಗುಡ್ಡದ ಮೇಲಿದೆ. ಆತನ ಅಕ್ಷರಗಳೂ ದಾಖಲೆಗಳಲ್ಲಿ ಉಳಿದುಕೊಂಡಿವೆ. ೨೦೧೧ರ ಜನಗಣತಿಯ ಇಂಗ್ಲಿಷ್ ಪಟ್ಟಿಯಲ್ಲಿಯೂ ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿಯೂ ಊರಿನ ಹೆಸರು 'ಶೋರಾಪುರ್' ಎಂದೇ ಇದೆ. ಅಂಗಡಿಯ ಫಲಕದಲ್ಲಿ 'ಸುರ್ಪುರ್', ಶಾಲೆಯ ಫಲಕದಲ್ಲಿ 'ಸುರಪುರ'. ಯಾದಗಿರಿಯ ವಿಷಯವೂ ಹೀಗೆಯೇ: ರೈಲ್ವೆ ನಿಲ್ದಾಣದ ಇಂಗ್ಲಿಷ್ ಹೆಸರು 'ಯಾದ್‌ಗಿರ್', ಜನರ ನಾಲಿಗೆಯ ಮೇಲೆ 'ಯಾದಗಿರಿ'. ೨೦೧೪ರ ನವೆಂಬರ್ ೧ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಣೆಗೆ ತಿರುಗಿ ಗುಲ್ಬರ್ಗವು ಕಲಬುರಗಿಯಾಯಿತು. ಆ ಪಟ್ಟಿಯಲ್ಲಿ ಈ ಮೂರು ಊರುಗಳಿರಲಿಲ್ಲ.

ಶಹಾಪುರದ ತೊಡಕು ಬೇರೆ ಬಗೆಯದು. ಸುರಪುರಕ್ಕೆ ಒಂದು ಊರಿಗೆ ಹಲವು ಹೆಸರಾದರೆ, ಇಲ್ಲಿ ಒಂದು ಹೆಸರಿಗೆ ಹಲವು ಊರು. ಬೆಳಗಾವಿ ನಗರದಲ್ಲೊಂದು ಶಹಾಪುರವಿದೆ. ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲೊಂದು ಶಹಾಪುರ ತಾಲ್ಲೂಕಿದೆ. ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಊರು ಯಾವ ಶಹಾಪುರವೆಂಬುದನ್ನು ನಮ್ಮವರು ಬಲ್ಲರು. ಯಂತ್ರಕ್ಕೆ ಅದನ್ನು ತಿಳಿಯಹೇಳಬೇಕಾಗುತ್ತದೆ. ಇನ್ನು ಇದೇ ತಾಲ್ಲೂಕಿನ ಭೀಮರಾಯನಗುಡಿಯನ್ನು, ಅಂದರೆ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಇರುವ ಊರನ್ನು, ಬಸ್ಸಿನಲ್ಲಿ ಕುಳಿತವರೆಲ್ಲ 'ಬಿ. ಗುಡಿ' ಎಂದುಬಿಡುತ್ತಾರೆ. ಸುರಪುರ, ಶಹಾಪುರಗಳ ಸೀಮೆಗೆ 'ಸಗರನಾಡು' ಎಂಬ ಹಳೆಯ ಹೆಸರು ಬೇರೆ.

ಈಗ ಒಬ್ಬ ಬೀಜ-ಗೊಬ್ಬರದ ವ್ಯಾಪಾರಿಯನ್ನು ಊಹಿಸಿಕೊಳ್ಳೋಣ. ಮೂರು ಊರುಗಳಲ್ಲಿಯೂ ಆತನ ಅಂಗಡಿಗಳಿವೆ. ಬೀಜ, ಗೊಬ್ಬರ, ಕೀಟನಾಶಕ, ಸಿಂಪಡಿಸುವ ಪಂಪು, ಹನಿ ನೀರಾವರಿಯ ಪೈಪು ಎಂಬ ಐದು ಸರಕುಗಳನ್ನು ಆತ ಮಾರುತ್ತಾನೆ. ಊರಿನ ಹೆಸರಿಗೆ ನಾಲ್ಕು ನಾಲ್ಕು ಕಾಗುಣಿತವೆಂದು ಹಿಡಿದರೂ ಮೂರು ಊರು, ನಾಲ್ಕು ಕಾಗುಣಿತ, ಐದು ಸರಕು ಗುಣಿಸಿ ಅರವತ್ತು ಹುಡುಕುಪದಗಳಾದುವು. ಕನ್ನಡ ಲಿಪಿಯಲ್ಲಿ ಹುಡುಕುವವರದು ಇನ್ನೂ ಬೇರೆ. ಇಂಥವನ ಬಳಿಗೆ ಯಾರಾದರೂ ದಲ್ಲಾಳಿ ಬಂದು, 'ಪದಕ್ಕೊಂದು ತಾಣ ಕಟ್ಟಿಸಿರಿ, ಯಾರು ಎಲ್ಲಿ ಬಲೆ ಬೀಸಿದರೂ ಮೀನು ನಿಮ್ಮದೇ' ಎಂದರೆ, ಆತನ ಮನಸ್ಸು ಆಸೆಗೆ ಬೀಳುವುದು ಆಶ್ಚರ್ಯವಲ್ಲ. ಆ ಆಸೆ ಸರಿಯೆ ತಪ್ಪೆ ಎಂಬುದನ್ನು ತಿಳಿಯಬೇಕಾದರೆ ಹುಡುಕುವ ಯಂತ್ರವು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಅರಿತುಕೊಳ್ಳಬೇಕು.

ಯಂತ್ರವು ಹೇಗೆ ಹುಡುಕುತ್ತದೆ?

ನಾವು ಪದ ಬರೆದ ಕ್ಷಣದಲ್ಲಿ ಯಂತ್ರವು ಜಗತ್ತಿನ ಜಾಲತಾಣಗಳನ್ನೆಲ್ಲ ಸುತ್ತಿ ಬರುತ್ತದೆಂಬುದು ಸಾಮಾನ್ಯವಾದ ತಪ್ಪು ಕಲ್ಪನೆ. ಸುತ್ತುವ ಕೆಲಸ ಮೊದಲೇ ಮುಗಿದಿರುತ್ತದೆ. ಕೊಂಡಿಯಿಂದ ಕೊಂಡಿಗೆ ಹರಿಯುತ್ತ ಪುಟಗಳನ್ನು ಓದುವ ಕ್ರಮವಿಧಿಗಳು ಹಗಲಿರುಳೂ ದುಡಿದು, ಪುಸ್ತಕದ ಕೊನೆಯಲ್ಲಿ ಅಚ್ಚಾಗುವ ಪದಸೂಚಿಯಂಥ ಒಂದು ಮಹಾಸೂಚಿಯನ್ನು ಸಿದ್ಧಪಡಿಸಿರುತ್ತವೆ. ಯಾವ ಪದ ಯಾವ ಯಾವ ಪುಟಗಳಲ್ಲಿದೆ ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ನಮ್ಮ ಪ್ರಶ್ನೆ ಬಂದಾಗ ಯಂತ್ರವು ತೆರೆದು ನೋಡುವುದು ಈ ಸೂಚಿಯನ್ನು.

ಪದವಿರುವ ಪುಟಗಳು ಸಾವಿರಾರು. ಅವುಗಳಲ್ಲಿ ಮೊದಲನೆಯದು ಯಾವುದು? ಈ ಪ್ರಶ್ನೆಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆಯ್ ಬ್ರಿನ್ ಎಂಬುವರು ಕೊಟ್ಟ ಉತ್ತರವೇ ೧೯೯೮ರಲ್ಲಿ ಸ್ಥಾಪಿತವಾದ ಗೂಗಲ್ ಸಂಸ್ಥೆಯ ಬುನಾದಿ. ಗುರಿಯಿಲ್ಲದೆ ಅಲೆಯುವ ಒಬ್ಬ ಓದುಗನನ್ನು ಅವರು ಕಲ್ಪಿಸಿಕೊಂಡರು. ನೂರರಲ್ಲಿ ಎಂಬತ್ತೈದು ಸಲ ಆತ ತಾನಿರುವ ಪುಟದ ಯಾವುದಾದರೊಂದು ಕೊಂಡಿಯನ್ನು ಹಿಡಿದು ಮುಂದೆ ಹೋಗುತ್ತಾನೆ. ಉಳಿದ ಹದಿನೈದು ಸಲ ಬೇಸತ್ತು ಎಲ್ಲಿಗೋ ಜಿಗಿಯುತ್ತಾನೆ. ಹೀಗೆ ಅನಂತಕಾಲ ಅಲೆದರೆ ಆತ ಯಾವ ಪುಟದಲ್ಲಿ ಹೆಚ್ಚು ಸಲ ಇರುತ್ತಾನೋ ಆ ಪುಟಕ್ಕೆ ಹೆಚ್ಚು ತೂಕ. ಇದರ ಅರ್ಥವಿಷ್ಟೆ: ಬೇರೆಯವರು, ಅದರಲ್ಲಿಯೂ ತೂಕವುಳ್ಳವರು, ಯಾವ ಪುಟವನ್ನು ಬೆರಳು ಮಾಡಿ ತೋರಿಸುತ್ತಾರೋ ಅದು ನಂಬಿಕೆಗೆ ಯೋಗ್ಯವೆಂಬ ಎಣಿಕೆ. ಇಂದು ಇದರೊಡನೆ ಇನ್ನೂ ಹಲವು ಲಕ್ಷಣಗಳನ್ನು ತೂಗಿ ನೋಡಲಾಗುತ್ತದಾದರೂ ನಾಲ್ಕು ಜನರ ಸಾಕ್ಷಿಗೆ ಬೆಲೆಯೆಂಬ ಮೂಲತತ್ತ್ವ ಅಳಿದಿಲ್ಲ.

ಇನ್ನೆರಡು ಸಂಗತಿಗಳನ್ನು ಇಲ್ಲಿ ಗಮನಿಸಬೇಕು. ಒಂದು, ಯಂತ್ರವು ಈಗ ಅಕ್ಷರಕ್ಕೆ ಅಕ್ಷರವನ್ನಷ್ಟೇ ಹೊಂದಿಸುವುದಿಲ್ಲ. ವಾಕ್ಯದ ಹಿಂದಣ ಮುಂದಣ ಪದಗಳಿಂದ ಅರ್ಥವನ್ನು ಊಹಿಸುವ 'ಬರ್ಟ್' ಎಂಬ ಕ್ರಮವನ್ನು ಗೂಗಲ್ ೨೦೧೯ರಲ್ಲಿ ಇಂಗ್ಲಿಷಿಗೆ ಅಳವಡಿಸಿತು; ಅದೇ ವರ್ಷದ ಕೊನೆಗೆ ಎಪ್ಪತ್ತು ಭಾಷೆಗಳಿಗೆ ವಿಸ್ತರಿಸಿತು. ಕಾಗುಣಿತದ ಭೇದಗಳನ್ನೂ ಸಮಾನಾರ್ಥಕ ಪದಗಳನ್ನೂ ಒಂದೇ ಗುಂಪಿಗೆ ಸೇರಿಸುವ ವಿದ್ಯೆ ಯಂತ್ರಕ್ಕೆ ಬಹಳಮಟ್ಟಿಗೆ ಕರಗತವಾಗಿದೆ. ಎರಡು, ಒಂದೇ ಒಕ್ಕಣೆಯ ಹಲವು ಪುಟಗಳು ಕಂಡಾಗ ಅದು ಎಲ್ಲವನ್ನೂ ಸಾಲಾಗಿ ತೋರಿಸುವುದಿಲ್ಲ. ಅವನ್ನು ಒಂದು ಕಟ್ಟಿಗೆ ಸೇರಿಸಿ, ಒಂದನ್ನು ಮಾತ್ರ ಪ್ರತಿನಿಧಿಯೆಂದು ಆರಿಸಿ, ಉಳಿದವನ್ನು ಬದಿಗಿಡುತ್ತದೆ. ನಕಲಿದೆಯೆಂಬ ಒಂದೇ ಕಾರಣಕ್ಕೆ ದಂಡವೇನೂ ಇಲ್ಲ. ಆದರೆ ಆರಿಸುವ ಅಧಿಕಾರ ಒಡೆಯನ ಕೈತಪ್ಪಿ ಯಂತ್ರದ ಕೈಗೆ ಹೋಗುತ್ತದೆ.

ಹಲವು ತಾಣಗಳ ಲೆಕ್ಕ

ಈಗ ನಮ್ಮ ವ್ಯಾಪಾರಿಯ ಲೆಕ್ಕವನ್ನು ನೋಡೋಣ. ಆತ ಊರಿಗೊಂದರಂತೆ ಮೂರು ತಾಣ ಕಟ್ಟಿಸಿದನೆನ್ನಿ. ಸರಕು ಒಂದೇ, ಬೆಲೆ ಒಂದೇ, ಒಕ್ಕಣೆ ಒಂದೇ. ಊರಿನ ಹೆಸರು ಮಾತ್ರ ಬೇರೆ. ವರ್ಷದಲ್ಲಿ ಹನ್ನೆರಡು ಬೇರೆ ತಾಣಗಳು ಆತನನ್ನು ಹೆಸರಿಸಿ ಕೊಂಡಿ ಕೊಟ್ಟವೆಂದು ಇಟ್ಟುಕೊಳ್ಳೋಣ. ಒಂದೇ ತಾಣವಿದ್ದಿದ್ದರೆ ಹನ್ನೆರಡು ಸಾಕ್ಷಿಗಳೂ ಅದರ ಪಕ್ಷಕ್ಕೆ ಸಲ್ಲುತ್ತಿದ್ದುವು. ಮೂರಾದುದರಿಂದ ಒಂದೊಂದಕ್ಕೆ ನಾಲ್ಕು ನಾಲ್ಕು ಬಂದುವು. ನೆರೆಯ ಊರಿನಲ್ಲಿ ಒಂದೇ ತಾಣವಿಟ್ಟುಕೊಂಡು ಎಂಟು ಸಾಕ್ಷಿ ಗಳಿಸಿದವನ ಮುಂದೆ ಈ ಮೂರೂ ಸೋಲುತ್ತವೆ. ಒಟ್ಟು ಸಾಕ್ಷಿ ಹೆಚ್ಚಿದ್ದವನು ಹಿಂದೆ ಬೀಳುತ್ತಾನೆ. ನಿಜವಾದ ತೂಕ ಇಷ್ಟು ಸರಳವಾದ ಭಾಗಾಕಾರದಿಂದ ಬರುವುದಲ್ಲವಾದರೂ ಹಂಚಿಹೋದ ಬಲ ಕುಗ್ಗಿದ ಬಲವೆಂಬುದು ನಿಶ್ಚಯ. ಬಯಲುಸೀಮೆಯವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಅರವತ್ತು ಮೊಳ ಆಳದ ಒಂದು ಬಾವಿ ನೀರು ಕೊಟ್ಟೀತು. ಇಪ್ಪತ್ತು ಮೊಳದ ಮೂರು ಗುಂಡಿಗಳಿಂದ ಅಗೆದ ಕೂಲಿಯೂ ಹುಟ್ಟಲಾರದು.

ಇದು ಹೊರಗಣ ನಷ್ಟ. ಒಳಗಣ ಖರ್ಚು ಇನ್ನೊಂದು. ಪ್ರತಿ ತಾಣಕ್ಕೂ ಹೆಸರಿನ ವಾರ್ಷಿಕ ಶುಲ್ಕ, ಇರಿಸಲು ಜಾಗದ ಬಾಡಿಗೆ, ಭದ್ರತೆಯ ಏರ್ಪಾಡು. ತೊಗರಿ ಬೀಜದ ಬೆಲೆ ಬದಲಾದಾಗ ಮೂರು ಕಡೆ ತಿದ್ದಬೇಕು. ಎರಡು ಕಡೆ ತಿದ್ದಿ ಮೂರನೆಯದನ್ನು ಮರೆಯುವುದು ಮನುಷ್ಯಸ್ವಭಾವ. ಆ ಮರೆತ ಪುಟವನ್ನೇ ನಂಬಿ ರೈತ ಬಸ್ಸು ಹತ್ತುತ್ತಾನೆ. ಅಂಗಡಿಯವನಿಗೆ ಅದು ಒಂದು ಮರೆವು. ರೈತನಿಗೆ ಅದು ಬಿತ್ತನೆಯ ಹದದಲ್ಲಿ ಕಳೆದುಹೋದ ಒಂದು ದಿನ.

ಇದಲ್ಲದೆ ಯಂತ್ರದ ಒಡೆಯರೇ ಇಂಥ ಉಪಾಯಗಳಿಗೆ ಬೇಲಿ ಹಾಕುತ್ತ ಬಂದಿದ್ದಾರೆ. ಹುಡುಕುಪದವನ್ನೇ ತಾಣದ ಹೆಸರಾಗಿ ಇಟ್ಟುಕೊಂಡ ಮಾತ್ರಕ್ಕೆ ಕಳಪೆ ತಾಣಗಳಿಗೆ ಸಿಗುತ್ತಿದ್ದ ಅನುಕೂಲವನ್ನು ಗೂಗಲ್ ೨೦೧೨ರಲ್ಲಿ ಕಡಿತಗೊಳಿಸಿತು. ಹೊರಗೆ ಹಲವು ಬಾಗಿಲು, ಒಳಗೆ ಒಂದೇ ಕೋಣೆ ಎಂಬಂತಿರುವ ಪುಟಗಳನ್ನು 'ಬಾಗಿಲು ಪುಟ'ಗಳೆಂದು ಕರೆದು, ೨೦೧೫ರಲ್ಲಿ ಅವುಗಳ ಮೇಲೆ ಬಿಗಿಯನ್ನು ಹೆಚ್ಚಿಸಿತು. ಊರೂರಿಗೆ ಪ್ರತ್ಯೇಕ ಹೆಸರು ತೊಡಿಸಿ ಎಲ್ಲರನ್ನೂ ಒಂದೇ ಪುಟಕ್ಕೆ ಅಟ್ಟುವ ತಾಣಗಳೂ, ವಿಳಾಸವನ್ನೂ ಮುಖಪುಟವನ್ನೂ ಅಷ್ಟಿಷ್ಟು ಮಾರ್ಪಡಿಸಿ ಒಂದೇ ಹುಡುಕುಪದವನ್ನು ಹಿಡಿಯಲು ನಿಲ್ಲಿಸಿದ ಹಲವು ತಾಣಗಳೂ ಆ ಸಂಸ್ಥೆಯ ನಿಷೇಧದ ಪಟ್ಟಿಯಲ್ಲಿ ಸ್ಪಷ್ಟವಾಗಿಯೇ ಸೇರಿವೆ. ಯಂತ್ರವೇ ಬರೆದುಕೊಡುವ ಪುಟಗಳನ್ನು ಹುಲುಸಾಗಿ ಬೆಳೆಸಿ ಸುರಿಯುವ ಹೊಸ ಚಾಳಿಗೆ ೨೦೨೪ರಲ್ಲಿ ಇನ್ನೊಂದು ನಿಯಮ ಬಂದಿತು. ನಕಲಿಗೆ ದಂಡವಿಲ್ಲವೆಂದೆವು, ಮೋಸಕ್ಕೆ ದಂಡವುಂಟು. ನಕಲು ಮೋಸವಾಗುವುದು ಅದರ ಉದ್ದೇಶದಿಂದ.

ಎದುರು ಪಕ್ಷದ ಮಾತು

ಎದುರು ಪಕ್ಷದವರ ವಾದದಲ್ಲಿ ಹುರುಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಅವರು ಮೂರು ಮಾತುಗಳನ್ನು ಮುಂದಿಡುತ್ತಾರೆ.

ಮೊದಲನೆಯದು, ಉತ್ತರಗಳ ಪಟ್ಟಿಯಲ್ಲಿ ಒಂದು ತಾಣಕ್ಕೆ ಸಿಗುವ ಜಾಗಕ್ಕೆ ಮಿತಿಯಿದೆ ಎಂಬುದು. ಇದು ನಿಜ. ಮೇಲಿನ ಸಾಲುಗಳಲ್ಲಿ ಸಾಮಾನ್ಯವಾಗಿ ಒಂದೇ ತಾಣದ ಎರಡಕ್ಕಿಂತ ಹೆಚ್ಚು ಪುಟಗಳು ಬಾರದಂತೆ ಗೂಗಲ್ ೨೦೧೯ರಲ್ಲಿ ಮಾರ್ಪಾಡು ಮಾಡಿತು. ಹಾಗಾದರೆ ಹಲವು ತಾಣವಿದ್ದವನು ಹಲವು ಸಾಲು ಹಿಡಿಯಬಹುದಲ್ಲ ಎಂಬುದು ಅವರ ತರ್ಕ. ಆದರೆ ಆ ನಿಯಮ ಹುಟ್ಟಿದ್ದೇ ಓದುಗನಿಗೆ ಬೇರೆ ಬೇರೆ ಮೂಲಗಳು ಸಿಗಲೆಂದು. ಒಬ್ಬನೇ ಐದು ಮುಖವಾಡ ತೊಟ್ಟು ಐದು ಸಾಕ್ಷಿಯಾಗಿ ನಿಂತರೆ ನ್ಯಾಯಾಲಯ ಒಪ್ಪುವುದಿಲ್ಲ. ಓದುಗನು ಏಕೆ ಒಪ್ಪಬೇಕು? ಐದು ಅಂಗಡಿಗಳ ಬೆಲೆ ಹೋಲಿಸಿ ನೋಡಿದೆನೆಂದು ರೈತ ತಿಳಿಯುತ್ತಾನೆ. ವಸ್ತುತಃ ಆತ ನೋಡಿದುದು ಒಂದೇ ಅಂಗಡಿಯನ್ನು.

ಎರಡನೆಯದು, ಒಂದು ತಾಣ ಕೆಟ್ಟರೆ ಇನ್ನೊಂದು ಉಳಿಯುತ್ತದೆ ಎಂಬುದು. ಹಗೇವು ಒಂದೇ ಇದ್ದು ಅದಕ್ಕೆ ನೀರು ನುಗ್ಗಿದರೆ ಕಾಳೆಲ್ಲ ಹಾಳು ಎಂಬ ವಿವೇಕ ಇದರ ಹಿಂದಿದೆ. ಆದರೆ ಜಾಲತಾಣದ ರಕ್ಷಣೆಗೆ ಬೇಕಾದುದು ಅದರ ಪ್ರತಿಯನ್ನು ಸುರಕ್ಷಿತವಾಗಿ ತೆಗೆದಿರಿಸುವುದೇ ಹೊರತು, ಆ ಪ್ರತಿಯನ್ನೇ ಬೇರೆ ಹೆಸರಿನಿಂದ ಪೇಟೆಯಲ್ಲಿ ನಿಲ್ಲಿಸುವುದಲ್ಲ.

ಮೂರನೆಯದು, ಎಲ್ಲರೂ ಮಾಡುತ್ತಿರುವಾಗ ನಾವೊಬ್ಬರೇ ಬಿಟ್ಟರೆ ಕೆಟ್ಟೆವು ಎಂಬುದು. ಇದಕ್ಕೆ ಉತ್ತರ ಕಾಲವೇ ಹೇಳುತ್ತದೆ. ಪುಟದ ಬಸಿರಿನಲ್ಲಿ ಹುಡುಕುಪದಗಳನ್ನು ಗುಟ್ಟಾಗಿ ತುರುಕುವ ಉಪಾಯ ಒಂದು ಕಾಲಕ್ಕೆ ಎಲ್ಲರದೂ ಆಗಿತ್ತು. ಅದಕ್ಕೆಂದೇ ಇದ್ದ ಗುರುತುಪಟ್ಟಿಯನ್ನು ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ ೨೦೦೯ರಲ್ಲಿ ಸಾರಿತು. ಕೊಂಡಿಗಳನ್ನು ಹಣಕ್ಕೆ ಕೊಳ್ಳುವ ಉಪಾಯಕ್ಕೆ ೨೦೧೨ರಲ್ಲಿ 'ಪೆಂಗ್ವಿನ್' ಎಂಬ ಹೆಸರಿನ ಮಾರ್ಪಾಡು ಪೆಟ್ಟುಕೊಟ್ಟಿತು. ಉಪಾಯಗಳು ಬಾಳುವುದು ಅವು ಬಯಲಾಗುವವರೆಗೆ. ಒಳ್ಳೆಯ ಪುಟ ಅದರಾಚೆಗೂ ಬಾಳುತ್ತದೆ.

ಹಲವು ತಾಣಗಳು ಎಲ್ಲಿ ಸರಿ?

ಹಾಗಾದರೆ ಎಲ್ಲೆಡೆಯೂ ಒಂದೇ ತಾಣವಿರಬೇಕೆ? ಇಲ್ಲ. ಪದ ಒಂದೇ ಆಗಿದ್ದರೂ ಅದರ ಹಿಂದಿನ ಅಗತ್ಯ ಬೇರೆಯಾಗಿದ್ದರೆ ತಾಣವೂ ಬೇರೆಯಾಗಿರುವುದು ನ್ಯಾಯ. ಯಾದಗಿರಿ, ಶಹಾಪುರ, ಸುರಪುರಗಳ ನಗರಸಭೆಗಳನ್ನು ನೋಡಿರಿ. ಮೂರರಲ್ಲಿಯೂ 'ಆಸ್ತಿ ತೆರಿಗೆ', 'ಜನನ ಪ್ರಮಾಣಪತ್ರ' ಎಂಬ ಪದಗಳು ಒಂದೇ. ಆದರೆ ಚುನಾಯಿತ ಸದಸ್ಯರು ಬೇರೆ, ಕಚೇರಿ ಬೇರೆ, ಲೆಕ್ಕಪತ್ರ ಬೇರೆ, ಹೊಣೆ ಬೇರೆ. ಸುರಪುರದವನ ಅರ್ಜಿಗೆ ಶಹಾಪುರದ ಕಚೇರಿ ಉತ್ತರ ಹೇಳುವಂತಿಲ್ಲ. ಇಲ್ಲಿ ಮೂರು ತಾಣಗಳಿರುವುದು ಮೂರು ಊರುಗಳಿರುವಷ್ಟೇ ಸಹಜ. ಕೃಷಿ ಕಾಲೇಜಿನ ತಾಣಕ್ಕೂ ಬೀಜದಂಗಡಿಯ ತಾಣಕ್ಕೂ 'ತೊಗರಿ' ಎಂಬ ಪದ ಸಮಾನವಾದರೂ ಒಂದು ಕಲಿಸುವುದಕ್ಕೆ, ಒಂದು ಮಾರುವುದಕ್ಕೆ. ಅವು ಬೇರೆಯಾಗಿಯೇ ಇರಬೇಕು.

ಒಡೆಯ ಬೇರೆಯೆ, ಓದುಗ ಬೇರೆಯೆ, ಒಳಗಣ ವಿಷಯ ಬೇರೆಯೆ? ಇವೇ ಮೂರು ಪರೀಕ್ಷೆಗಳು. ಯಾವುದಾದರೊಂದಕ್ಕೆ 'ಹೌದು' ಎಂಬ ಪ್ರಾಮಾಣಿಕ ಉತ್ತರವಿದ್ದರೆ ಬೇರೆ ತಾಣದ ವಿಚಾರ ಮಾಡಬಹುದು. ಮೂರಕ್ಕೂ 'ಇಲ್ಲ'ವಾಗಿ, ಪದ ಮಾತ್ರ ಬೇರೆಯಾಗಿದ್ದರೆ ಹೊಸ ತಾಣ ಬೇಡ. ನಮ್ಮ ವ್ಯಾಪಾರಿಗೆ ಬೇಕಾದುದು ಒಂದು ತಾಣ. ಅದರೊಳಗೆ ಮೂರು ಅಂಗಡಿಗಳಿಗೆ ಮೂರು ಪುಟ. ಪ್ರತಿ ಪುಟದಲ್ಲಿಯೂ ಆ ಅಂಗಡಿಗೆ ಮಾತ್ರ ಸಲ್ಲುವ ಸಂಗತಿಗಳು: ಅಲ್ಲಿನ ದಾರಿ, ತೆರೆಯುವ ವೇಳೆ, ಅಲ್ಲಿ ಇಂದು ದೊರೆಯುವ ಸರಕು, ಮಾತನಾಡಿಸಬಹುದಾದ ದೂರವಾಣಿ. ನಕ್ಷೆಯಲ್ಲಿ ಮೂರು ಅಂಗಡಿಗಳಿಗೆ ಮೂರು ಗುರುತು. ಇವು ನಿಜವಾದ ಭೇದಗಳು. ಯಂತ್ರವೂ ಇವನ್ನು ಗೌರವಿಸುತ್ತದೆ.

ಗ್ರಂಥಾಲಯದ ಪಾಠ

ಒಂದು ವಸ್ತುವಿಗೆ ಹಲವು ಹೆಸರಿರುವ ಸಮಸ್ಯೆಯನ್ನು ಗಣಕಯಂತ್ರ ಹುಟ್ಟುವ ಮೊದಲೇ ಗ್ರಂಥಪಾಲಕರು ಬಿಡಿಸಿದ್ದರು. ಒಬ್ಬ ಲೇಖಕನಿಗೆ ನಿಜನಾಮ ಒಂದು, ಕಾವ್ಯನಾಮ ಇನ್ನೊಂದು ಇದ್ದರೆ ಅವರು ಪುಸ್ತಕದ ಎರಡು ಪ್ರತಿ ಕೊಂಡು ಎರಡು ಕಪಾಟಿನಲ್ಲಿಡುತ್ತಿರಲಿಲ್ಲ. ಪುಸ್ತಕ ಒಂದೇ ಕಡೆ; ಸೂಚಿಯ ಪೆಟ್ಟಿಗೆಯಲ್ಲಿ ಮಾತ್ರ ಎರಡು ಚೀಟಿ. ಒಂದರ ಮೇಲೆ ಪುಸ್ತಕವಿರುವ ಸ್ಥಳ, ಇನ್ನೊಂದರ ಮೇಲೆ 'ಇಂಥ ಹೆಸರಿನ ಕೆಳಗೆ ನೋಡಿ' ಎಂಬ ಸೂಚನೆ. ೧೯೩೧ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು ಪ್ರಕಟಿಸಿದ, ೧೯೬೨ರಲ್ಲಿ ಬೆಂಗಳೂರಿನಲ್ಲಿ ದಾಖಲೆ ವಿಜ್ಞಾನದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ ಬೆಳೆಸಿದ ಎಸ್. ಆರ್. ರಂಗನಾಥನ್ ಅವರ ನಾಲ್ಕನೆಯ ಸೂತ್ರವೇ ಓದುಗನ ವೇಳೆಯನ್ನು ಉಳಿಸಬೇಕೆಂಬುದು. ಜಾಲತಾಣದ ಒಡೆಯರಿಗೆ ಇದಕ್ಕಿಂತ ಹಿರಿದಾದ ಮಂತ್ರವಿಲ್ಲ.

ಆ 'ನೋಡಿ' ಚೀಟಿಗೆ ಇಂದಿನ ಜಾಲದಲ್ಲಿ ತಕ್ಕ ಸಾಧನಗಳಿವೆ. ವಿಕಿಪೀಡಿಯದಲ್ಲಿ ಬೇರೆ ಕಾಗುಣಿತದಿಂದ ಹುಡುಕಿದವನನ್ನು ಒಂದೇ ಲೇಖನಕ್ಕೆ ತಂದು ನಿಲ್ಲಿಸುವ 'ಪುನರ್ನಿರ್ದೇಶನ'ವಿದೆ. ಒಂದು ಹೆಸರಿಗೆ ಹಲವು ಊರುಗಳಿದ್ದರೆ ಯಾವುದು ಬೇಕೆಂದು ಕೇಳುವ 'ದ್ವಂದ್ವ ನಿವಾರಣೆ'ಯ ಪುಟವಿದೆ. ಸುರಪುರಕ್ಕೆ ಬೇಕಾದುದು ಮೊದಲನೆಯದು, ಶಹಾಪುರಕ್ಕೆ ಬೇಕಾದುದು ಎರಡನೆಯದು. ಸ್ವಂತ ತಾಣವುಳ್ಳವರು ಹಳೆಯ ವಿಳಾಸಗಳನ್ನೆಲ್ಲ ಶಾಶ್ವತವಾಗಿ ಹೊಸದಕ್ಕೆ ತಿರುಗಿಸಬಹುದು. ಆಗ ಹಳೆಯದಕ್ಕೆ ಬಂದ ಸಾಕ್ಷಿಗಳೂ ಹೊಸದಕ್ಕೆ ಸಲ್ಲುತ್ತವೆ. ಒಂದೇ ಒಕ್ಕಣೆ ಅನಿವಾರ್ಯವಾಗಿ ಎರಡು ಕಡೆ ಇರಬೇಕಾದಲ್ಲಿ, 'ಮೂಲಪ್ರತಿ ಇದು' ಎಂದು ತೋರಿಸುವ ಗುರುತನ್ನು ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಸಂಸ್ಥೆಗಳು ೨೦೦೯ರಲ್ಲಿ ಒಟ್ಟಾಗಿ ಜಾರಿಗೆ ತಂದುವು. ಕನ್ನಡದ ಪುಟವೂ ಇಂಗ್ಲಿಷಿನ ಪುಟವೂ ಒಂದಕ್ಕೊಂದು ಜೋಡಿಯೆಂದು ಯಂತ್ರಕ್ಕೆ ತಿಳಿಸುವ ಗುರುತೂ ಉಂಟು. ಎಲ್ಲಕ್ಕಿಂತ ಸುಲಭವಾದುದು, 'ಸುರಪುರ. ಇಂಗ್ಲಿಷ್ ದಾಖಲೆಗಳಲ್ಲಿ ಶೋರಾಪುರ್' ಎಂದು ಪುಟದಲ್ಲಿಯೇ ಸಹಜವಾದ ಒಂದು ವಾಕ್ಯ ಬರೆಯುವುದು. ಅರವತ್ತು ತಾಣಗಳ ಕೆಲಸವನ್ನು ಇಂಥ ನಾಲ್ಕು ವಾಕ್ಯಗಳು ಮಾಡಿಯಾವು.

ಕನ್ನಡದ ಮಟ್ಟಿಗೆ ಇನ್ನೊಂದು ಮಾತು ಸೇರಿಸಬೇಕು. ಯೂನಿಕೋಡ್ ರೂಢಿಯಾಗುವ ಮೊದಲಿನ ಅಕ್ಷರವಿನ್ಯಾಸಗಳಲ್ಲಿ ಬರೆದ ಪುಟಗಳೂ, ಕಾಗದವನ್ನು ಚಿತ್ರವಾಗಿ ತೆಗೆದು ಏರಿಸಿದ ಸುತ್ತೋಲೆಗಳೂ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಸೂಚಿಗೆ ಸರಿಯಾಗಿ ದಕ್ಕುವುದಿಲ್ಲ. ಇಂಥ ಹತ್ತು ತಾಣಗಳಿದ್ದರೂ 'ಸುರಪುರ' ಎಂದು ಹುಡುಕಿದವನಿಗೆ ಒಂದೂ ಸಿಗಲಾರದು. ತಾಣಗಳ ಸಂಖ್ಯೆಯನ್ನು ಹೆಚ್ಚಿಸುವ ಮೊದಲು ಇರುವ ತಾಣದ ಅಕ್ಷರಗಳನ್ನು ಓದಬರುವಂತೆ ಮಾಡುವುದು ಮೇಲು.

ಯಾರ ವೇಳೆ, ಯಾರ ಹಣ?

೨೦೧೧ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಜನಸಂಖ್ಯೆ ೧೧ ಲಕ್ಷ ೭೪ ಸಾವಿರ. ಸಾಕ್ಷರತೆ ಶೇಕಡ ೫೧.೮, ರಾಜ್ಯದಲ್ಲಿಯೇ ಅತ್ಯಂತ ಕಡಮೆ. ಆ ಎಣಿಕೆಯಾದ ಮೇಲೆ ಕಾಲ ಸಾಕಷ್ಟು ಸಂದಿದೆ, ಶಾಲೆಗಳು ಹೆಚ್ಚಿವೆ, ಮೊಬೈಲು ಹೊಲದ ಬದುವಿಗೂ ಬಂದಿದೆ. ಆದರೂ ಈ ಅಂಕಿ ಒಂದು ಎಚ್ಚರಿಕೆಯನ್ನು ಹೇಳುತ್ತದೆ. ಹತ್ತು ಉತ್ತರಗಳನ್ನು ತೆರೆದು, ಓದಿ, ಹೋಲಿಸಿ, ಜೊಳ್ಳನ್ನು ತೂರಿ ಕಾಳನ್ನು ಆರಿಸಿಕೊಳ್ಳುವ ಸೌಕರ್ಯ ಎಲ್ಲರಿಗೂ ಇಲ್ಲ. ಮೊದಲ ಉತ್ತರವನ್ನೇ ನಂಬಿ ನಡೆಯಬೇಕಾದವರು ಬಹಳ ಜನ. ಸುರಪುರಕ್ಕೆ ರೈಲಿನಲ್ಲಿ ಬರಬೇಕೆಂಬ ಪರಸ್ಥಳದವನು ಮುಂಬಯಿ-ಚೆನ್ನೈ ಮಾರ್ಗದ ಯಾದಗಿರಿಯಲ್ಲಿ ಇಳಿಯಬಹುದೆಂದು ಹೇಳುವ ಒಂದು ಪ್ರಾಮಾಣಿಕ ಪುಟ ಸಾಕು. ಊರಿನ ಹೆಸರು ತುಂಬಿಸಿ, ಹೋಟೆಲು, ಟ್ಯಾಕ್ಸಿ, ಟಿಕೆಟು ಎಂದು ಬಾಗಿಲು ತೆರೆದು ಕುಳಿತ ಇಪ್ಪತ್ತು ಪುಟಗಳಿಂದ ಆತನಿಗೆ ಆಗುವುದು ದಾರಿ ತಪ್ಪುವುದೊಂದೇ.

ಇತ್ತೀಚೆಗೆ ಈ ಹೊಣೆ ಇನ್ನೂ ಹೆಚ್ಚಿದೆ. ೨೦೨೪ರಿಂದ ಗೂಗಲ್ ನಮ್ಮ ದೇಶದಲ್ಲಿಯೂ ಪುಟಗಳ ಪಟ್ಟಿಯ ಮೇಲುಗಡೆ ತಾನೇ ಸಾರಾಂಶ ಮಾಡಿದ ಉತ್ತರವನ್ನು ಕೊಡತೊಡಗಿದೆ. ಇಂಥ ಉತ್ತರಕ್ಕೆ ಕಚ್ಚಾ ಸರಕು ನಾವು ಬರೆದಿಟ್ಟ ಪುಟಗಳೇ. ಒಂದೇ ಅಂಗಡಿಯ ಮೂರು ತಾಣಗಳಲ್ಲಿ ಮೂರು ಬೆಲೆ ಇದ್ದರೆ ಯಂತ್ರವು ಯಾವುದನ್ನು ಹೆಕ್ಕಿ ಹೇಳೀತೆಂಬುದಕ್ಕೆ ನಿಯಮವಿಲ್ಲ. ಬಿತ್ತಿದ್ದು ಜೊಳ್ಳಾದರೆ ಸಾರಾಂಶವೂ ಜೊಳ್ಳು.

ಆದುದರಿಂದ ಈ ಮೂರು ಊರುಗಳ ವ್ಯಾಪಾರಿಗಳಿಗೂ, ಸಂಘಸಂಸ್ಥೆಗಳಿಗೂ, ಅವರಿಗೆ ತಾಣ ಕಟ್ಟಿಕೊಡುವ ತರುಣರಿಗೂ ನಾವು ಹೇಳುವುದಿಷ್ಟು. ಎರಡನೆಯ ತಾಣಕ್ಕೆ ಹಣ ಕೊಡುವ ಮೊದಲು, ಮೊದಲನೆಯದರಲ್ಲಿ ಓದುಗನ ಯಾವ ಪ್ರಶ್ನೆಗೆ ಉತ್ತರವಿಲ್ಲವೆಂದು ಕೇಳಿಕೊಳ್ಳಿರಿ. ಉತ್ತರವನ್ನು ಅಲ್ಲಿಯೇ ಬರೆಯಿರಿ. ಜನ ನಿಮ್ಮ ಊರನ್ನು ಕರೆಯುವ ಹೆಸರುಗಳನ್ನೆಲ್ಲ ಅಲ್ಲಿಯೇ ಸೇರಿಸಿರಿ. ಬೆಲೆ, ವೇಳೆ, ವಿಳಾಸಗಳನ್ನು ಹೊತ್ತುಹೊತ್ತಿಗೆ ತಿದ್ದಿರಿ. ಈಗಾಗಲೇ ಹಲವು ತಾಣಗಳನ್ನು ಕಟ್ಟಿಸಿದ್ದರೆ, ಅವುಗಳಲ್ಲಿನ ಒಳ್ಳೆಯ ಅಂಶಗಳನ್ನು ಒಂದಕ್ಕೆ ತಂದು, ಉಳಿದವುಗಳ ದಾರಿಯನ್ನು ಅದರತ್ತ ತಿರುಗಿಸಿರಿ.

ನಮ್ಮ ಸೀಮೆಯ ಹಳೆಯ ಊರುಗಳಿಗೆ ಒಂದಕ್ಕಿಂತ ಹೆಚ್ಚು ಅಗಸಿಗಳಿರುವುದುಂಟು. ಯಾವ ದಿಕ್ಕಿನಿಂದ ಬಂದವನೂ ತನಗೆ ಹತ್ತಿರವಾದ ಅಗಸಿಯಿಂದ ಒಳಗೆ ಬರಲೆಂದು ಹಿರಿಯರು ಅವನ್ನು ಕಟ್ಟಿದರು. ಅಗಸಿಗೊಂದು ಊರು ಕಟ್ಟಲು ಹೋಗಲಿಲ್ಲ. ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು ಎಂಬ ಗಾದೆಯೂ ಅವರದೇ. ಜಾಲದಲ್ಲಿ ಮನೆ ಕಟ್ಟುವವರು ಈ ಎರಡನ್ನು ನೆನಪಿನಲ್ಲಿಟ್ಟುಕೊಂಡರೆ ಹುಡುಕುವವನ ವೇಳೆ ಉಳಿಯುತ್ತದೆ, ಮಾರುವವನ ಹಣವೂ ಉಳಿಯುತ್ತದೆ.